ಕೈಯೋ, ಕಿವಿಯೋ, ಮೂಗೋ: ಪಿತ್ತಕೋಶದ ಕ್ಯಾನ್ಸರಿನಲ್ಲಿ ಜೋಡಿ ಔಷಧಗಳ ಅಡ್ಡಪರಿಣಾಮ



ತಾಯಿಯ ನೆನಪಿಗೆ ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರು. ಆದರೆ ಫೋನ್ ಇಡುವ ಮೊದಲು ಒಂದು ಮಾತು ಹೇಳಿದರು: ‘ಡಾಕ್ಟ್ರೇ, ಅಮ್ಮ ಕಾಯಿಲೆಗಿಂತ ಔಷಧದಲ್ಲೇ ಹೆಚ್ಚು ನರಳಿದರು ಅಂತ ನಮಗೆ ಇವತ್ತಿಗೂ ಅನ್ನಿಸುತ್ತೆ. ಯಾಕೆ ಹಾಗಾಯ್ತು ಅಂತ ಯಾರೂ ಕೂತು ಹೇಳಲಿಲ್ಲ.’ ಆ ತಾಯಿಗಿದ್ದುದು ಪಿತ್ತಕೋಶದ ಕ್ಯಾನ್ಸರ್. ನಾನು ಅವರ ವೈದ್ಯನಾಗಿರಲಿಲ್ಲ. ಆದರೂ ಆ ಮಾತು ನನ್ನನ್ನೇ ಕೇಳಿದ ಪ್ರಶ್ನೆ ಎಂದುಕೊಂಡು ಇಲ್ಲಿಗೆ ಬಂದಿದ್ದೇನೆ. ಕೂತು ಹೇಳದ ವೈದ್ಯರ ಸಾಲಿನಲ್ಲಿ ನಾನೂ ಬಹಳ ವರ್ಷ ಇದ್ದವನು.

ಪಿತ್ತಕೋಶ ಎಂದರೆ ಯಕೃತ್ತಿನ ಅಡಿಮೈಗೆ ಅಂಟಿಕೊಂಡಿರುವ, ಎಳೆ ಬದನೆಕಾಯಿಯಷ್ಟು ದೊಡ್ಡ ಚೀಲ. ಇದರಲ್ಲಿ ಕಲ್ಲು ಕಟ್ಟುವುದು ನಮಗೆಲ್ಲ ಗೊತ್ತಿರುವ ತೊಂದರೆ. ಇಲ್ಲಿ ಹುಟ್ಟುವ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಮ್ಮ ದೇಶದಲ್ಲಿ ಅದರ ಭಾರವೆಲ್ಲ ಗಂಗೆಯ ಬಯಲಿನ ಮೇಲಿದೆ. ಉತ್ತರ ಪ್ರದೇಶ, ಬಿಹಾರ, ದೆಹಲಿ, ಅತ್ತ ಅಸ್ಸಾಂ ಕಡೆ ಹೆಚ್ಚಾಗಿ ಕಾಣುವ ಈ ರೋಗ ದಕ್ಷಿಣದಲ್ಲಿ ಕಡಿಮೆ. ಹಾಗಾಗಿ ಬೆಂಗಳೂರಿನ ನನ್ನ ಕೋಣೆಗೆ ಬರುವ ಇಂಥ ರೋಗಿಗಳಲ್ಲಿ ಹೆಚ್ಚಿನವರು ಕಟ್ಟಡದ ಕೆಲಸಕ್ಕೆ ಇಲ್ಲಿಗೆ ಬಂದವರ ಹೆಂಡತಿಯರು, ತಾಯಂದಿರು. ಅವರ ಜೊತೆಗೆ ನಮ್ಮವರೂ ಇದ್ದಾರೆ, ಎಣಿಕೆಯಲ್ಲಿ ಕಡಿಮೆ. ಎಲ್ಲರ ಕಥೆಯೂ ಒಂದೇ ಥರ ಶುರುವಾಗುತ್ತದೆ. ಬಲಪಕ್ಕೆಯ ನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿರುತ್ತಾರೆ. ಕಣ್ಣು ಹಳದಿಯಾದಾಗ ಕಾಮಾಲೆಗೆ ಔಷಧ ಕುಡಿದಿರುತ್ತಾರೆ. ನಮ್ಮ ಬಳಿ ಬರುವ ಹೊತ್ತಿಗೆ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯ ಹೊತ್ತು ಮೀರಿರುತ್ತದೆ. ಉಳಿಯುವುದು ಕೀಮೋ.

ಆ ಕೀಮೋ ಹೆಚ್ಚಾಗಿ ಜೋಡಿ ಔಷಧ. ನೊಗದ ಒಂದು ಬದಿಯ ಎತ್ತು ಖಾಯಂ, ಅದರ ಹೆಸರು ಜೆಮ್‌ಸಿಟಬಿನ್. ಇನ್ನೊಂದು ಬದಿಗೆ ಯಾವುದನ್ನು ಕಟ್ಟುವುದು ಎನ್ನುವುದೇ ಪ್ರಶ್ನೆ. ಸಿಸ್‌ಪ್ಲಾಟಿನ್ನೋ, ಆಕ್ಸಾಲಿಪ್ಲಾಟಿನ್ನೋ? ಎರಡೂ ಪ್ಲಾಟಿನಂ ಲೋಹದ ಸಂಯುಕ್ತಗಳು, ಒಂದೇ ಮನೆಯ ಅಕ್ಕತಂಗಿಯರು. ಕ್ಯಾನ್ಸರ್ ಕಣದ ಡಿಎನ್‌ಎಗೆ ಗಂಟು ಹಾಕಿ ಅದು ಎರಡಾಗದಂತೆ ತಡೆಯುವುದು ಇಬ್ಬರ ಕೆಲಸವೂ ಹೌದು. ಆದರೆ ಮೈಮೇಲೆ ಬಿಟ್ಟುಹೋಗುವ ಗುರುತು ಮಾತ್ರ ಬೇರೆ ಬೇರೆ.

ಸಿಸ್‌ಪ್ಲಾಟಿನ್ ಜೋಡಿಗೆ ಬಲ ತಂದದ್ದು ಬ್ರಿಟನ್ನಿನ ಎಬಿಸಿ-02 ಪ್ರಯೋಗ. 410 ರೋಗಿಗಳಿದ್ದ ಆ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಜೆಮ್‌ಸಿಟಬಿನ್ ಒಂದನ್ನೇ ಪಡೆದವರ ಸರಾಸರಿ ಬದುಕು 8.1 ತಿಂಗಳು, ಜೋಡಿ ಪಡೆದವರದು 11.7 ತಿಂಗಳು. ಅವರೆಲ್ಲ ಪಿತ್ತಕೋಶದವರಲ್ಲ, ಪಿತ್ತನಾಳದ ಕ್ಯಾನ್ಸರಿನವರೂ ಸೇರಿದ್ದರು. ಅದೇ ವರ್ಷ ದೆಹಲಿಯ ಏಮ್ಸ್ ವೈದ್ಯರು ಪಿತ್ತಕೋಶದ ಕ್ಯಾನ್ಸರಿನ 81 ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಕೀಮೋ ಇಲ್ಲದೆ ಬರೀ ಆರೈಕೆ ಪಡೆದವರು 4.5 ತಿಂಗಳು, ಹಳೆಯ ಫ್ಲೂರೊಯುರಾಸಿಲ್ ಪಡೆದವರು 4.6 ತಿಂಗಳು, ಜೆಮ್‌ಸಿಟಬಿನ್–ಆಕ್ಸಾಲಿಪ್ಲಾಟಿನ್ ಜೋಡಿ ಪಡೆದವರು 9.5 ತಿಂಗಳು ಬದುಕಿದರು. ನಮ್ಮ ದೇಶದ ರೋಗವನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿದ ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಈ ರೋಗ ಬಹುಪಾಲು ಶ್ರೀಮಂತ ದೇಶಗಳಲ್ಲಿ ವಿರಳ. ನಾವು ಕೇಳದಿದ್ದರೆ ಈ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಮುಂದೆ ಏಮ್ಸ್‌ನವರು ಎರಡೂ ಜೋಡಿಗಳನ್ನು ಎದುರುಬದುರು ನಿಲ್ಲಿಸಿದರು. 200ಕ್ಕೂ ಹೆಚ್ಚು ರೋಗಿಗಳಿದ್ದ ಆ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಆಕ್ಸಾಲಿಪ್ಲಾಟಿನ್ ಬಣದಲ್ಲಿ ಸುಮಾರು 9 ತಿಂಗಳು, ಸಿಸ್‌ಪ್ಲಾಟಿನ್ ಬಣದಲ್ಲಿ 8.3. ಲೆಕ್ಕಶಾಸ್ತ್ರದ ಕಣ್ಣಿಗೆ ಅದು ವ್ಯತ್ಯಾಸವೇ ಅಲ್ಲ. ಅಡ್ಡಪರಿಣಾಮಗಳೂ ಬಹುತೇಕ ಸಮವೇ. ಆದರೆ ಆಕ್ಸಾಲಿಪ್ಲಾಟಿನ್ ಬಣದಲ್ಲಿ ತೀವ್ರ ಭೇದಿ, ಯಕೃತ್ತಿನ ಕಿಣ್ವಗಳ ಏರಿಕೆ ಮತ್ತು ಎರಡನೆಯ ದರ್ಜೆಯ ನರದ ತೊಂದರೆ ಹೆಚ್ಚಾಗಿ ಕಂಡವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಯುಸ್ಸು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಆಯ್ಕೆ ಮಾಡುವುದು ಯಾವ ಆಧಾರದ ಮೇಲೆ? ಉಳಿದಿರುವುದು ಅಡ್ಡಪರಿಣಾಮ ಒಂದೇ. ಸಂಶೋಧನಾ ಲೇಖನಗಳಲ್ಲಿ ಅದು ಕೊನೆಯ ಪುಟಗಳ ಕೋಷ್ಟಕವಾಗಿ ಕೂತಿರುತ್ತದೆ. ರೋಗಿಗೆ ಅದೇ ಮೊದಲ ಪುಟ.

ಆ ಕೋಷ್ಟಕ ಓದುವ ಬಗೆಯನ್ನೂ ತಿಳಿಸಿಬಿಡುತ್ತೇನೆ. ಅಡ್ಡಪರಿಣಾಮಗಳನ್ನು ಒಂದರಿಂದ ಐದರವರೆಗೆ ದರ್ಜೆ ಹಾಕಿ ಎಣಿಸುತ್ತಾರೆ. ಒಂದು ಎಂದರೆ ಸೌಮ್ಯ, ಐದು ಎಂದರೆ ಸಾವು. ಲೇಖನಗಳು ಎತ್ತಿ ಹೇಳುವುದು ಮೂರು, ನಾಲ್ಕನೆಯ ದರ್ಜೆಯವನ್ನು. ನರದ ತೊಂದರೆಗೆ ಎರಡನೆಯ ದರ್ಜೆ ಯಾವಾಗ? ಅಡುಗೆ ಮಾಡಲು, ಅಂಗಡಿಯಲ್ಲಿ ಚಿಲ್ಲರೆ ಎಣಿಸಲು, ಫೋನ್ ಒತ್ತಲು ಕಷ್ಟವಾದಾಗ. ತಾನೇ ಉಣ್ಣಲು, ಉಡಲು, ಮೀಯಲು ಆಗದಿದ್ದರೆ ಮಾತ್ರ ಮೂರನೆಯದು. ಅಂದರೆ ತರಕಾರಿ ಹೆಚ್ಚಲಾಗದ, ಸೂಜಿಗೆ ದಾರ ಪೋಣಿಸಲಾಗದ ಹೆಂಗಸು ನಮ್ಮ ಎಣಿಕೆಯಲ್ಲಿ ‘ತೀವ್ರ’ ಅಲ್ಲ. ಹೊಲಿದು ಬದುಕುವವಳಾದರೆ ಅವಳ ಅನ್ನ ಹೋಗಿರುತ್ತದೆ. ಕೋಷ್ಟಕದಲ್ಲಿ ಅವಳು ಎರಡನೆಯ ದರ್ಜೆ.

ಈಗ ಒಂದೊಂದಾಗಿ ನೋಡೋಣ. ಸಿಸ್‌ಪ್ಲಾಟಿನ್ ಹಿರಿಯಕ್ಕ. 1845ರಲ್ಲೇ ಇಟಲಿಯ ಮಿಕೆಲೆ ಪೆಯ್ರೋನೆ ಅದನ್ನು ತಯಾರಿಸಿದ್ದರು. ಆದರೆ ಅದು ಔಷಧ ಎಂದು ತಿಳಿಯಲು 120 ವರ್ಷ ಬೇಕಾಯಿತು. 1965ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹಾಯಿಸಿ ನೋಡುತ್ತಿದ್ದಾಗ ಅವು ಎರಡಾಗುವುದನ್ನು ನಿಲ್ಲಿಸಿ ದಾರದಂತೆ ಉದ್ದಕ್ಕೆ ಬೆಳೆದವು. ಕಾರಣ ವಿದ್ಯುತ್ತಲ್ಲ, ಪ್ಲಾಟಿನಂ ಕಡ್ಡಿಯಿಂದ ಕರಗಿ ಬಂದ ಸಂಯುಕ್ತ ಎಂದು ಆಮೇಲೆ ಗೊತ್ತಾಯಿತು. 1978ರಲ್ಲಿ ಅದಕ್ಕೆ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಸಿಕ್ಕಿತು.

ಇದರ ದೊಡ್ಡ ಉಪಟಳ ವಾಂತಿ, ಅದರಲ್ಲೂ ಎರಡು ಬಗೆ. ಮೊದಲ ದಿನದ್ದು ಕರುಳಿನಿಂದ ಏಳುತ್ತದೆ. ಅಲ್ಲಿನ ಕಣಗಳು ಸೆರೊಟೋನಿನ್ ಸುರಿದು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಎರಡನೆಯ ದಿನದಿಂದ ನಾಲ್ಕೈದು ದಿನ ಕಾಡುವುದು ಬೇರೆ, ಅದರ ದಾರಿಯೂ ಬೇರೆ. ಆಂಡನ್ಸೆಟ್ರಾನ್ ಮೊದಲನೆಯದಕ್ಕೆ ಒಳ್ಳೆಯ ಮದ್ದು, ಎರಡನೆಯದಕ್ಕೆ ಸಾಲದು. ಆಸ್ಪತ್ರೆಯಲ್ಲಿ ನಾವು ಕಾಣುವುದು ಮೊದಲನೆಯದನ್ನು ಮಾತ್ರ. ಎರಡನೆಯದು ನಡೆಯುವುದು ಮನೆಯಲ್ಲಿ, ಬಚ್ಚಲ ಮೂಲೆಯಲ್ಲಿ. ಮುಂದಿನ ಸಲ ಬಂದಾಗ ನಾವು ‘ಹೇಗಿದ್ದೀರಿ’ ಎಂದರೆ ಅವರು ‘ಪರವಾಗಿಲ್ಲ’ ಎನ್ನುತ್ತಾರೆ. ಆ ‘ಪರವಾಗಿಲ್ಲ’ವನ್ನು ನಾವು ಕಡತದಲ್ಲಿ ಸೊನ್ನೆ ಎಂದು ಬರೆದುಕೊಳ್ಳುತ್ತೇವೆ.

ನಂತರದ್ದು ಕಿಡ್ನಿ. ಇದನ್ನು ಕಾಯಲು ಔಷಧದ ಹಿಂದೆ ಮುಂದೆ ಸಲೈನ್ ಏರಿಸುತ್ತೇವೆ, ಜೊತೆಗೆ ಪೊಟಾಶಿಯಂ, ಮೆಗ್ನೀಶಿಯಂ ಸೇರಿಸುತ್ತೇವೆ. ಇದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಆಮೇಲೆ ಊರಿಗೆ ಬಸ್ಸು. ಎರಡು ಮೂರು ಗಂಟೆಯ ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಅವಸರವಾಗುವ ಹೆಂಗಸು ಏನು ಮಾಡಬೇಕು? ಬಸ್ ನಿಲ್ಲಿಸಿ ಎನ್ನಲು ಸಂಕೋಚಪಟ್ಟು, ಬೆಳಗಿನಿಂದ ನೀರನ್ನೇ ಮುಟ್ಟದೆ ಬರುವವರನ್ನು ನಾನು ಕಂಡಿದ್ದೇನೆ. ಕಿಡ್ನಿ ಕಾಯಲು ಕುಡಿಯಬೇಕಾದ ನೀರನ್ನು ಮಾನ ಕಾಯಲು ಬಿಡುತ್ತಾರೆ. ಈ ತೊಂದರೆಗೆ ಯಾವ ಕೋಷ್ಟಕದಲ್ಲೂ ದರ್ಜೆ ಇಲ್ಲ. ಪಕ್ಕೆ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್ ಮಾತ್ರೆ ಇದಕ್ಕೆ ಸೇರಿದರೆ ಕಿಡ್ನಿಗೆ ಇನ್ನೂ ಕೆಡುಕು. ದಯವಿಟ್ಟು ನಿಮ್ಮ ಮನೆಯವರು ಯಾರಾದರೂ ಸಿಸ್‌ಪ್ಲಾಟಿನ್ ಪಡೆಯುತ್ತಿದ್ದರೆ ಯಾವ ನೋವಿನ ಮಾತ್ರೆ ತೆಗೆದುಕೊಳ್ಳಬಹುದು ಎಂದು ಕೇಳಿಕೊಂಡೇ ಕೊಡಿ.

ಕಿವಿಯ ಮಾತೂ ಇದೆ. ಒಳಕಿವಿಯ ಸೂಕ್ಷ್ಮ ರೋಮಕಣಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಏರುಸ್ಥಾಯಿಯ ದನಿಗಳು, ಜೊತೆಗೆ ಕಿವಿಯೊಳಗೆ ಗುಂಯ್‌ಗುಟ್ಟುವಿಕೆ. ಎಬಿಸಿ-02 ಕ್ರಮದಲ್ಲಿ ಒಂದು ಸಲಕ್ಕೆ ಕೊಡುವುದು ಮೈಯ ಚದರ ಮೀಟರಿಗೆ 25 ಮಿಲಿಗ್ರಾಂ ಮಾತ್ರ. ಬೇರೆ ಕ್ಯಾನ್ಸರುಗಳಲ್ಲಿ ಒಮ್ಮೆಗೇ ಕೊಡುವ 75, 100ಕ್ಕೆ ಹೋಲಿಸಿದರೆ ಇದು ಸೌಮ್ಯ. ಹೀಗೆ ಸೀಳಿ ಕೊಡುವುದರಿಂದಲೇ ಬಹಳ ಜನ ತಾಳಿಕೊಳ್ಳುತ್ತಾರೆ. ಆದರೆ ಮೂರು ವಾರಕ್ಕೆ ಎರಡು ಸಲದಂತೆ ಎಂಟು ಸುತ್ತು ಮುಗಿದರೆ ಒಟ್ಟು 400 ಆಗುತ್ತದೆ. ಕಿವಿಗೂ ನರಕ್ಕೂ ಲೆಕ್ಕಕ್ಕೆ ಬರುವುದು ಆ ಒಟ್ಟು ಮೊತ್ತ.

ಆಕ್ಸಾಲಿಪ್ಲಾಟಿನ್ ಹುಟ್ಟಿದ್ದು ಜಪಾನಿನ ನಗೋಯಾದಲ್ಲಿ, 1976ರಲ್ಲಿ, ಯೊಶಿನೊರಿ ಕಿದಾನಿ ಅವರ ಕೈಯಲ್ಲಿ. ಕಿಡ್ನಿಯ ಮಟ್ಟಿಗೆ ಇದು ಸಾಧು. ಸಲೈನ್ ಸುರಿಯುವ ಅಗತ್ಯವಿಲ್ಲ, ಬೇಗ ಮನೆಗೆ ಹೋಗಬಹುದು. ವಾಂತಿಯೂ ಕಡಿಮೆ. ಕ್ರಿಯಾಟಿನಿನ್ ಏರಿರುವ ಸಕ್ಕರೆ ಕಾಯಿಲೆಯವರಿಗೆ ಇದು ದೊಡ್ಡ ಆಸರೆ. ಇದು ಕಾಡುವುದು ನರಗಳನ್ನು, ಅದೂ ಎರಡು ಹಂತದಲ್ಲಿ. ಡ್ರಿಪ್ ಮುಗಿದ ಕೆಲವೇ ಗಂಟೆಗಳಲ್ಲಿ ತಣ್ಣಗಿನದು ಯಾವುದು ತಾಗಿದರೂ ಬೆರಳಿಗೆ ಕರೆಂಟು ಹೊಡೆದಂತಾಗುತ್ತದೆ. ತಣ್ಣೀರು ಗುಟುಕರಿಸಿದರೆ ಗಂಟಲು ಬಿಗಿದು ಉಸಿರೇ ನಿಂತಂತೆ ಭಾಸವಾಗುತ್ತದೆ. ಉಸಿರು ನಿಂತಿರುವುದಿಲ್ಲ, ಆದರೆ ಮೊದಲೇ ಹೇಳದಿದ್ದರೆ ಆ ರಾತ್ರಿ ಮನೆಯವರೆಲ್ಲ ಸಾವನ್ನೇ ಕಂಡುಬಿಡುತ್ತಾರೆ. ಇದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಎರಡನೆಯದು ನಿಧಾನವಾಗಿ ಕೂಡಿಕೊಳ್ಳುವ ಜೋಮು. ಪಾದದಲ್ಲಿ ಇರುವೆ ಹರಿದಂತೆ, ಚಪ್ಪಲಿ ಕಳಚಿಕೊಂಡದ್ದೂ ತಿಳಿಯದಂತೆ. ಒಟ್ಟು ಪ್ರಮಾಣ ಚದರ ಮೀಟರಿಗೆ 800 ಮಿಲಿಗ್ರಾಂ ಆಸುಪಾಸಿಗೆ ಬಂದಾಗ ಇದು ಹೆಚ್ಚಾಗಿ ತಲೆಯೆತ್ತುತ್ತದೆ. ಏಮ್ಸ್ ಕ್ರಮದಲ್ಲಿ ಒಂದು ಸುತ್ತಿಗೆ 80ರಂತೆ ಎರಡು ಸಲ, ಅಂದರೆ 160. ಐದನೆಯ ಸುತ್ತಿಗೆ ಸರಿಯಾಗಿ 800. ಔಷಧ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಈ ಜೋಮು ಏರುತ್ತಲೇ ಹೋಗಬಹುದು. ಅದನ್ನು ಮುಂಚೆ ಹೇಳದಿದ್ದರೆ ರೋಗವೇ ಕಾಲಿಗೆ ಇಳಿಯಿತು ಎಂದು ರೋಗಿ ತಿಳಿಯುತ್ತಾರೆ.

ತರಬೇತಿಯ ಕಾಲದಲ್ಲಿ ನಾನು ಉತ್ತರದಲ್ಲಿದ್ದೆ. ಅಲ್ಲಿಯ ಜನವರಿಯಲ್ಲಿ, ಮಂಜು ಕವಿದ ಬೆಳಗ್ಗೆ, ಹ್ಯಾಂಡ್‌ಪಂಪಿನ ನೀರಿಗೆ ಕೈಯೊಡ್ಡಬೇಕಾದ ಹೆಂಗಸಿಗೆ ಆಕ್ಸಾಲಿಪ್ಲಾಟಿನ್ ಕೊಡುವುದಕ್ಕೂ ಏಪ್ರಿಲ್ಲಿನಲ್ಲಿ ಕೊಡುವುದಕ್ಕೂ ಇರುವ ಅಂತರ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಹಿಟ್ಟು ನಾದುವ ಸ್ಟೀಲ್ ಪರಾತವನ್ನು ಬಟ್ಟೆ ಸುತ್ತಿ ಹಿಡಿಯುತ್ತಿದ್ದ ರೋಗಿಯೊಬ್ಬರು ಅದನ್ನು ನನಗೆ ಕಲಿಸಿದರು.

ಇನ್ನು ಖಾಯಂ ಎತ್ತು, ಜೆಮ್‌ಸಿಟಬಿನ್. ಸುಸ್ತು, ಸ್ವಲ್ಪ ದದ್ದು, ಕಾಲೂತ ಇದರ ಕಾಣಿಕೆ. ಮುಖ್ಯವಾಗಿ ಇದು ರಕ್ತದ ಕೌಂಟ್ ಇಳಿಸುತ್ತದೆ. ಬಿಳಿ ಕಣವೂ ಹೌದು, ಪ್ಲೇಟ್‌ಲೆಟ್ಟೂ ಹೌದು. ಎಂಟನೆಯ ದಿನದ ಡ್ರಿಪ್ಪಿಗೆಂದು ಬಂದು, ‘ಕೌಂಟ್ ಇಲ್ಲ, ಹೋಗಿಬನ್ನಿ’ ಎನ್ನಿಸಿಕೊಂಡು ವಾಪಸಾದವರ ಮುಖ ನೋಡಬೇಕು. ಅದನ್ನು ಅವರು ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ, ದಾಳಿಂಬೆ ತಿನ್ನಲಿಲ್ಲ ಅದಕ್ಕೇ ಎನ್ನುತ್ತಾರೆ. ಎಬಿಸಿ-02ರಲ್ಲಿ ಜೋಡಿ ಪಡೆದ ಶೇಕಡಾ 25.3 ಜನರಲ್ಲಿ ಬಿಳಿ ಕಣ ತೀವ್ರವಾಗಿ ಕುಸಿಯಿತು. ಒಂಟಿ ಔಷಧದವರಲ್ಲಿ 16.6. ಆದರೂ ಅದರಿಂದ ಹುಟ್ಟಿದ ಸೋಂಕು ಎರಡೂ ಕಡೆ ಸಮವಾಗಿತ್ತು. ಇನ್ನೂ ಒಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಯಕೃತ್ತಿನ ಪರೀಕ್ಷೆಯ ಏರುಪೇರು ಒಂಟಿ ಔಷಧ ಪಡೆದವರಲ್ಲೇ ಹೆಚ್ಚಿತ್ತು. ಹತೋಟಿಗೆ ಬಾರದ ರೋಗವೇ ಯಕೃತ್ತನ್ನು ಕೆಡಿಸಿದ್ದಿರಬಹುದು. ಅಡ್ಡಪರಿಣಾಮ ಎಂದು ನಾವು ಬರೆದುಕೊಳ್ಳುವುದರಲ್ಲಿ ಒಂದು ಪಾಲು ರೋಗದ್ದೇ ಇರುತ್ತದೆ.

ದತ್ತಿ ಇಟ್ಟವರ ಮಾತಿಗೆ ನನ್ನ ಉತ್ತರದ ಒಂದು ತುಂಡು ಇಲ್ಲಿದೆ. ಇದನ್ನು ಜ್ವರದ ಮೂಲಕ ಬಿಡಿಸಿ ಹೇಳಬೇಕು. ಈ ಚಿಕಿತ್ಸೆಯಲ್ಲಿ ಜ್ವರ ಮೂರು ಬಗೆ. ಜೆಮ್‌ಸಿಟಬಿನ್ ಕೊಟ್ಟ ರಾತ್ರಿಯೇ ಮೈಕೈ ನೋವಿನೊಂದಿಗೆ ಫ್ಲೂ ಥರ ಬರುವುದು ಒಂದು. ಅದು ಔಷಧದ್ದೇ, ಪ್ಯಾರಾಸಿಟಮಾಲ್‌ಗೆ ಇಳಿಯುತ್ತದೆ. ಎರಡನೆಯ ಡ್ರಿಪ್ ಆದ ಮೇಲಿನ ವಾರದಲ್ಲಿ, ಬಿಳಿ ಕಣ ತಳ ಮುಟ್ಟಿದಾಗ ಬರುವ ಜ್ವರ ಪ್ರಾಣಕ್ಕೇ ಸಂಚಕಾರ. ಮೂರನೆಯದು ಈ ಕ್ಯಾನ್ಸರಿನಲ್ಲಿ ವಿಶೇಷವಾಗಿ ಕಾಣುವುದು. ಕಾಮಾಲೆ ಇಳಿಸಲು ಪಿತ್ತನಾಳದಲ್ಲಿಟ್ಟ ಸ್ಟೆಂಟ್ ಕಟ್ಟಿಕೊಂಡರೆ ಪಿತ್ತ ಒಳಗೇ ಕೊಳೆತು, ಹಲ್ಲು ಕಟಕಟ ಎನ್ನುವ ಚಳಿಜ್ವರ ಬರುತ್ತದೆ. ಮೂತ್ರ ಕಡು ಹಳದಿಯಾಗುತ್ತದೆ, ಕಣ್ಣು ಮತ್ತೆ ಬಣ್ಣ ತಿರುಗುತ್ತದೆ. ಈ ಮೂರೂ ಥರ್ಮಾಮೀಟರಿನಲ್ಲಿ ಒಂದೇ ಥರ ಕಾಣುತ್ತವೆ. ಮೊದಲನೆಯದು ಎಂದು ತಿಳಿದು ಎರಡನೆಯದನ್ನೋ ಮೂರನೆಯದನ್ನೋ ಮನೆಯಲ್ಲಿಟ್ಟುಕೊಂಡರೆ ಒಂದು ರಾತ್ರಿಯಲ್ಲಿ ಕೈ ಮೀರಬಹುದು. 100.4 ಡಿಗ್ರಿ ದಾಟಿದರೆ ಬೆಳಗಾಗಲು ಕಾಯದೆ ಆಸ್ಪತ್ರೆಗೆ ಹೊರಡಿ. ಜ್ವರ ಕೀಮೋದ್ದಲ್ಲ, ಸ್ಟೆಂಟಿನದು ಎಂದು ತಿಳಿದರೆ ಸ್ಟೆಂಟ್ ಬದಲಿಸಿ ಕೀಮೋ ಮುಂದುವರಿಸಬಹುದು. ತಿಳಿಯದಿದ್ದರೆ ಕೀಮೋವನ್ನೇ ದೂರಿ ನಿಲ್ಲಿಸುತ್ತಾರೆ. ನಿಮ್ಮ ತಾಯಿಯವರ ಕೊನೆಯ ತಿಂಗಳ ನರಳಾಟದಲ್ಲಿ ಎಷ್ಟು ಪಾಲು ಯಾವುದರದು ಎಂದು ನಾನು ಹೇಳಲಾರೆ. ಬಿಡಿಸಿ ನೋಡುವ ಪ್ರಯತ್ನ ಆಗಬೇಕಿತ್ತು ಎಂದು ಮಾತ್ರ ಹೇಳಬಲ್ಲೆ.

ಮೂರನೆಯ ಎತ್ತನ್ನು ಕಟ್ಟಿದರೆ? ಅದನ್ನೂ ಮಾಡಿ ನೋಡಿದರು. ಜೆಮ್‌ಸಿಟಬಿನ್, ಸಿಸ್‌ಪ್ಲಾಟಿನ್ ಜೊತೆಗೆ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ಸೇರಿಸಿದ ಅಮೆರಿಕದ ಸಣ್ಣ ಅಧ್ಯಯನದಲ್ಲಿ, 2019ರಲ್ಲಿ, ಸರಾಸರಿ 19.2 ತಿಂಗಳು ಎಂದು ಬಂದಾಗ ನಮಗೆಲ್ಲ ಪುಳಕ. ರಕ್ತದ ಕೌಂಟ್ ತಾಳದೆ ನಡುವೆ ಪ್ರಮಾಣ ಇಳಿಸಬೇಕಾಗಿ ಬಂದಿತ್ತು, ಅದನ್ನು ಯಾರೂ ಹೆಚ್ಚು ಗಮನಿಸಲಿಲ್ಲ. ಬಳಿಕ 441 ಜನರ ದೊಡ್ಡ ಪರೀಕ್ಷೆಯಲ್ಲಿ ಮೂರು ಔಷಧಕ್ಕೆ 14 ತಿಂಗಳು, ಎರಡಕ್ಕೆ 12.7. ಗೆಲುವು ಎನ್ನುವಷ್ಟು ಅಂತರವಲ್ಲ. ರಕ್ತದ ತೀವ್ರ ತೊಂದರೆ ಮಾತ್ರ ಶೇಕಡಾ 45ರಿಂದ 60ಕ್ಕೆ ಏರಿತು. ಈಚೆಗೆ ಸೇರಿಸುತ್ತಿರುವ ಡರ್ವಾಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಗಳು ಒಂದೆರಡು ತಿಂಗಳ ಲಾಭ ಕೊಡುತ್ತವೆ, ಒಟ್ಟಾರೆ ತೀವ್ರ ತೊಂದರೆಯನ್ನು ಹೆಚ್ಚಿಸುವುದಿಲ್ಲ. ಆದರೆ ಥೈರಾಯ್ಡ್, ಕರುಳು, ಶ್ವಾಸಕೋಶಗಳ ಉರಿಯೂತ ಎಂಬ ಬೇರೆಯೇ ಜಾತಿಯ ತೊಂದರೆ ಅವುಗಳದ್ದು. ನಮ್ಮ ಬಹುಪಾಲು ಕುಟುಂಬಗಳಿಗೆ ಅದಕ್ಕಿಂತ ಮೊದಲು ತಾಗುವುದು ಬೆಲೆ.

ಸಮಯವೂ ಒಂದು ಅಡ್ಡಪರಿಣಾಮ. ಎಂಟು ಸುತ್ತು ಎಂದರೆ 16 ಡ್ರಿಪ್ಪಿನ ದಿನ. ಪ್ರತಿ ಡ್ರಿಪ್ಪಿನ ಹಿಂದಿನ ದಿನ ರಕ್ತ ಪರೀಕ್ಷೆಗೆ ಬಂದರೆ 32. ಒಂಬತ್ತು ತಿಂಗಳು ಎಂದು ನಾವು ಎಣಿಸುವ ಬದುಕಿನಲ್ಲಿ ಒಂದು ತಿಂಗಳು ಕಾಯುವ ಬೆಂಚಿನ ಮೇಲೆಯೇ ಕಳೆಯಿತು. ರಕ್ತ ಪರೀಕ್ಷೆಯನ್ನು ಊರಿನಲ್ಲೇ ಮಾಡಿಸಿ ಫೋನಿನಲ್ಲಿ ಕಳುಹಿಸಿದರೆ ಅರ್ಧ ಉಳಿಯುತ್ತದೆ. ಇದಕ್ಕೆ ಹೊಸ ಔಷಧ ಬೇಕಿಲ್ಲ. ನ್ಯೂಯಾರ್ಕಿನಲ್ಲಿ 766 ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ತಮ್ಮ ಯಾತನೆಯನ್ನು ತಾವೇ ಕಂಪ್ಯೂಟರಿನಲ್ಲಿ ದಾಖಲಿಸುತ್ತ, ಅದು ಹೆಚ್ಚಾದಾಗ ನರ್ಸುಗಳಿಗೆ ಸುದ್ದಿ ಮುಟ್ಟುವ ಏರ್ಪಾಟು ಇದ್ದವರು 31.2 ತಿಂಗಳು ಬದುಕಿದರು. ಎಂದಿನಂತೆ ಚಿಕಿತ್ಸೆ ಪಡೆದವರು 26. ನಾನು ಆಮೇಲೆ ನನ್ನ ರೋಗಿಗಳಿಗೆ ಇಪ್ಪತ್ತು ಪುಟದ ನೋಟುಬುಕ್ ಕೊಡಲು ಶುರುಮಾಡಿದೆ. ಓದು ಬಾರದವರಿಗೆ ಮೊಮ್ಮಕ್ಕಳು ಬರೆಯುತ್ತಾರೆ. ‘ಅಜ್ಜಿ ಇವತ್ತು ಎರಡು ಸಲ ಕಕ್ಕಿತು, ಗಂಜಿ ಕುಡಿಯಿತು’ ಎಂಬ ಸಾಲು ನನಗೆ ಯಾವ ದರ್ಜೆಗಿಂತಲೂ ಹೆಚ್ಚು ಹೇಳುತ್ತದೆ.

ಕೊನೆಗೆ ಒಬ್ಬರ ಕಥೆ. ಮಾರುಕಟ್ಟೆಯ ಪಕ್ಕದ ದೇವಸ್ಥಾನದ ಬಳಿ ಹೂ ಕಟ್ಟಿ ಮಾರುವವರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೀರು ಚಿಮುಕಿಸಿದ ಮಲ್ಲಿಗೆಯನ್ನು ತಂದು ಒದ್ದೆ ಬಟ್ಟೆಯಲ್ಲಿಟ್ಟುಕೊಂಡು ದಿನವಿಡೀ ಕಟ್ಟುತ್ತಾರೆ. ಅವರ ಕಿಡ್ನಿ ಚೆನ್ನಾಗಿತ್ತು. ಆಕ್ಸಾಲಿಪ್ಲಾಟಿನ್ ಕೊಟ್ಟರೆ ಆ ತಣ್ಣನೆಯ ಹೂವು, ಆ ಬೆರಳು ಏನಾದೀತು ಎಂದು ಯೋಚಿಸಿ ಸಿಸ್‌ಪ್ಲಾಟಿನ್ ಬರೆದೆ. ‘ಅಮ್ಮಾ, ನಿಮ್ಮ ಕೈ ಉಳಿಯಲಿ ಅಂತ ಇದನ್ನು ಕೊಡ್ತಿದ್ದೀನಿ’ ಎಂದು ಹೇಳಿಯೂ ಹೇಳಿದೆ. ಸರಿಯಾಗಿ ಆಯ್ಕೆ ಮಾಡಿದೆ ಎಂಬ ನೆಮ್ಮದಿ ನನಗೆ.

ಎರಡನೆಯ ಸುತ್ತಿಗೆ ಬಂದಾಗ ನೋಟುಬುಕ್ಕಿನಲ್ಲಿ ಅವರ ಮಗಳು ಬರೆದಿದ್ದಳು: ‘ಅಮ್ಮನಿಗೆ ಮಲ್ಲಿಗೆ ವಾಸನೆ ಆಗುತ್ತಿಲ್ಲ. ಬುಟ್ಟಿ ಮನೆಯೊಳಗೆ ತಂದರೆ ವಾಂತಿ.’ ಕೈ ಉಳಿದಿತ್ತು, ಮೂಗು ಎದ್ದು ನಿಂತಿತ್ತು. ಆ ಸಾಧ್ಯತೆ ನನ್ನ ತಲೆಗೆ ಹೊಳೆದೇ ಇರಲಿಲ್ಲ. ರಾತ್ರಿ ಮಲಗುವಾಗ ಒಲಾನ್ಜಪಿನ್ ಮಾತ್ರೆ ಸೇರಿಸಿದೆ. ತಡವಾಗಿ ಬರುವ ವಾಕರಿಕೆಗೆ ಅದು ಒಳ್ಳೆಯ ಮದ್ದು, ಬೆಲೆಯೂ ಕಡಿಮೆ. ಸ್ವಲ್ಪ ಮಂಪರು ಬರುತ್ತದೆ ಎಂದು ತಿಳಿಸಿದೆ. ವಾಂತಿ ನಿಂತಿತು. ವಾಸನೆಯ ಹೇಸಿಕೆ ಪೂರ್ತಿ ಹೋಗಲಿಲ್ಲ.

ಮೂರನೆಯ ಸುತ್ತಿಗೆ ಅವರು ಬಂದಾಗ ಮಡಿಲಲ್ಲಿ ಬಾಳೆಲೆಯ ಪೊಟ್ಟಣವಿತ್ತು. ಡ್ರಿಪ್ ಹಾಕದ ಬಲಗೈಗೆ ಎಡಗೈಯ ಬೆರಳುಗಳನ್ನು ಆನಿಸಿಕೊಂಡು, ಕುರ್ಚಿಯಲ್ಲೇ ಕೂತು ಕಟ್ಟುತ್ತಿದ್ದರು. ಪೊಟ್ಟಣದಲ್ಲಿದ್ದುದು ಕನಕಾಂಬರ. ‘ಕೀಮೋ ವಾರ ಇದು, ಆಚೆ ವಾರ ಮಲ್ಲಿಗೆ. ಇದಕ್ಕೆ ವಾಸನೆ ಇಲ್ವಲ್ಲ ಸಾಮಿ’ ಎಂದರು.